900 ಘನ ಮೀಟರ್ ಮಣ್ಣು: ಯಾವ ಗಾಡಿ ಕರೆಸಬೇಕು?

ಮೊದಲ ದಿನ ನಾನು ಕರೆಸಿದ್ದೇ ತಪ್ಪು ಗಾಡಿ. 3 ಟನ್ ತೂಕದ ಪುಟ್ಟ ಎಕ್ಸ್‌ಕವೇಟರ್, ಅಂದರೆ ಉದ್ದ ತೋಳಿನ ತುದಿಯ ಬಕೆಟ್ಟಿನಿಂದ ಅಗೆಯುವ ಗಾಡಿ. ನೋಡಲು ಮುದ್ದಾಗಿತ್ತು, ಗಂಟೆಯ ಬಾಡಿಗೆಯೂ ಕಡಿಮೆ. ಎರಡು ದಿನ ಬಿಡುವಿಲ್ಲದೆ ಅಗೆಯಿತು. ಎರಡನೇ ದಿನ ಸಂಜೆ ಟೇಪು ಹಿಡಿದು ಹೊಂಡಕ್ಕೆ ಇಳಿದು ಅಳೆದೆ. ಆಗಬೇಕಿದ್ದ ಕೆಲಸದಲ್ಲಿ ಆರರಲ್ಲಿ ಒಂದು ಪಾಲು ಮುಗಿದಿತ್ತು. ಇದೇ ಲೆಕ್ಕದಲ್ಲಿ ಹೋದರೆ ಇನ್ನೂ ಹತ್ತು ದಿನ.

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಏಕೆಂದರೆ ನಾನು ನಿವೃತ್ತ ಗಣಿತದ ಟೀಚರ್. ವರ್ಷಗಟ್ಟಲೆ ಮಕ್ಕಳಿಗೆ ಘನಫಲ ಕಲಿಸಿದವಳು, ನನ್ನದೇ ಜಾಗದ ಹೊಂಡದ ಘನಫಲ ಹಾಕದೆ ಗಾಡಿಗೆ ಫೋನ್ ಮಾಡಿದ್ದೆ. ಆಮೇಲೆ ಕೂತು ಎಲ್ಲ ಲೆಕ್ಕ ಹಾಕಿದೆ, ಆಪರೇಟರುಗಳ ಹತ್ತಿರ ಕೇಳಿ ಕೇಳಿ ಕಲಿತೆ. ಸ್ವಂತ ಜಾಗದಲ್ಲಿ ಹೊಂಡ ತೋಡುವವರು, ತಗ್ಗು ತುಂಬುವವರು, ಇಳಿಜಾರನ್ನು ಸಮ ಮಾಡುವವರು ಫೋನ್ ಎತ್ತುವ ಮೊದಲು ಇದನ್ನು ಓದಿದರೆ ನನ್ನ ಎರಡು ದಿನದ ಬಾಡಿಗೆ ಸ್ವಲ್ಪವಾದರೂ ವಸೂಲಾದ ಹಾಗೆ.

ನನ್ನ ಕೆಲಸ ಇಷ್ಟು. ಜಾಗದ ಮೇಲ್ತುದಿಯಲ್ಲಿ ಒಂದು ನೀರಿನ ಹೊಂಡ. ಅಲ್ಲಿ ಬರುವ ಮಣ್ಣನ್ನು 180 ಮೀಟರ್ ದೂರದ ತಗ್ಗಿಗೆ ಹಾಕಿ ಮಟ್ಟ ಏರಿಸುವುದು. ಮುಂದೆ ಅಲ್ಲೊಂದು ಶೆಡ್ ಕಟ್ಟುವ ಯೋಚನೆ.

ಮಣ್ಣು ಎಷ್ಟಿದೆ?

ಹೊಂಡದ ಬಾಯಿ 30 ಮೀಟರ್ ಉದ್ದ, 20 ಮೀಟರ್ ಅಗಲ. ಆಳ 2 ಮೀಟರ್. ಮೂರನ್ನೂ ಗುಣಿಸಿದರೆ 1,200 ಘನ ಮೀಟರ್. ಆದರೆ ಹೊಂಡದ ಗೋಡೆ ನೆಟ್ಟಗೆ ನಿಲ್ಲುವುದಿಲ್ಲ, ಕುಸಿಯುತ್ತದೆ. ಇಳಿಜಾರು ಕೊಡಲೇಬೇಕು. ನಾನು 1 ಮೀಟರ್ ಆಳಕ್ಕೆ ಒಂದೂವರೆ ಮೀಟರ್ ಅಡ್ಡ ಅಂತ ಇಟ್ಟುಕೊಂಡೆ. ಆಗ ತಳ 24 × 14 ಆಗುತ್ತದೆ. ನಡುಮಟ್ಟದಲ್ಲಿ 27 × 17.

ಸೂತ್ರ ಸುಲಭ. ಬಾಯಿಯ ವಿಸ್ತೀರ್ಣ, ತಳದ ವಿಸ್ತೀರ್ಣ, ನಡುಮಟ್ಟದ ವಿಸ್ತೀರ್ಣದ ನಾಲ್ಕು ಪಟ್ಟು, ಇವನ್ನು ಕೂಡಿಸಿ. 6ರಿಂದ ಭಾಗಿಸಿ. ಆಳದಿಂದ ಗುಣಿಸಿ. ನನ್ನ ಹೊಂಡಕ್ಕೆ 600, 336, ಮತ್ತು 459ರ ನಾಲ್ಕು ಪಟ್ಟು 1,836. ಒಟ್ಟು 2,772. ಭಾಗಿಸಿ ಗುಣಿಸಿದರೆ 924 ಘನ ಮೀಟರ್. ಅಡಿ ಲೆಕ್ಕ ಬೇಕಾದವರು 35.3ರಿಂದ ಗುಣಿಸಿಕೊಳ್ಳಿ.

ಇಲ್ಲಿಗೆ ಲೆಕ್ಕ ಮುಗಿಯಿತು ಅಂದುಕೊಂಡಿದ್ದೆ. ಮುಗಿದಿರಲಿಲ್ಲ. ನೆಲದಲ್ಲಿ ಗಟ್ಟಿಯಾಗಿ ಕೂತಿದ್ದ ಮಣ್ಣನ್ನು ಎತ್ತಿದ ಕೂಡಲೇ ಅದು ಸಡಿಲಾಗಿ ಉಬ್ಬುತ್ತದೆ. ಮರಳಾದರೆ ನೂರಕ್ಕೆ 10ರಿಂದ 15ರಷ್ಟು. ಸಾಮಾನ್ಯ ಮಣ್ಣು ಸುಮಾರು 25. ಜೇಡಿಮಣ್ಣು 30ರಿಂದ 40. ಬಂಡೆ ಒಡೆದರೆ 50ಕ್ಕೂ ಜಾಸ್ತಿ. ಅಂದರೆ ಹೊಂಡದಲ್ಲಿ 924 ಇದ್ದದ್ದು ಗಾಡಿಗೆ ತುಂಬುವಾಗ ಸುಮಾರು 1,155 ಘನ ಮೀಟರ್. ಟ್ರಿಪ್ಪುಗಳನ್ನು ಲೆಕ್ಕ ಹಾಕುವುದು ಈ ಉಬ್ಬಿದ ಮಣ್ಣಿನ ಮೇಲೆ. ಅದೇ ಮಣ್ಣನ್ನು ತಗ್ಗಿನಲ್ಲಿ ಹಾಕಿ ರೋಲರ್ ಹೊಡೆದರೆ ಮೊದಲಿದ್ದದ್ದಕ್ಕಿಂತಲೂ ಕುಗ್ಗುತ್ತದೆ, ಹತ್ತರಲ್ಲಿ ಒಂದು ಪಾಲಿನಷ್ಟು. ನನಗೆ ಸಿಕ್ಕಿದ್ದು ಸುಮಾರು 830. ತಗ್ಗಿಗೆ ಬೇಕಿದ್ದದ್ದು 800. ಲೆಕ್ಕ ಸರಿಹೋಯಿತು, ಆದರೆ ಅದು ನನ್ನ ಜಾಣತನ ಅಲ್ಲ, ಅದೃಷ್ಟ. ನಡುವೆ ಮಣ್ಣಿನ ರಾಶಿ ತಗ್ಗನ್ನು ಮೀರಿ ಎದ್ದು ನಿಂತಾಗ ನನ್ನ ತಮ್ಮ, "ಅಕ್ಕಾ, ಜಾಸ್ತಿ ತೋಡಿಬಿಟ್ಟೆಯಾ?" ಅಂತ ಗಾಬರಿಯಾಗಿದ್ದ.

ತೂಕವನ್ನೂ ನೆನಪಿಡಿ. ಸಡಿಲ ಮಣ್ಣು ಘನ ಮೀಟರಿಗೆ ಹೆಚ್ಚುಕಡಿಮೆ 1.3 ಟನ್. ಒದ್ದೆಯಾದರೆ ಇನ್ನೂ ಭಾರ. ಗಾಡಿಯ ತೊಟ್ಟಿ ತುಂಬುವ ಮೊದಲೇ ಅದರ ತೂಕದ ಮಿತಿ ಮುಗಿದಿರಬಹುದು, ಅದು ಕಣ್ಣಿಗೆ ಕಾಣುವುದಿಲ್ಲ.

ಆಮೇಲೆ, ಒಂದಲ್ಲ, ಮೂರು ಕಡೆ ಗುಂಡಿ ತೋಡಿ ನೋಡಿ. ಹೊಂಡ ಎಷ್ಟು ಆಳವೋ ಅಷ್ಟೂ ಆಳಕ್ಕೆ. ಕೆಳಗೆ ಏನಿದೆ ಅಂತ ಗೊತ್ತಾಗುತ್ತದೆ. ನಾನು ಒಂದೇ ಕಡೆ ತೋಡಿಸಿದೆ, ಅಲ್ಲಿ ಮೃದುವಾದ ಕೆಂಪು ಮಣ್ಣು ಬಂತು, ಖುಷಿಯಾದೆ. ಇನ್ನೊಂದು ಮೂಲೆಯಲ್ಲಿ 1.4 ಮೀಟರಿಗೇ ಶಿಥಿಲವಾದ ಕಲ್ಲಿನ ಪದರ ಕಾದಿತ್ತು. ಪುಟ್ಟ ಗಾಡಿಯ ಹಲ್ಲು ಅದರ ಮೇಲೆ ಕಿರ್ ಕಿರ್ ಅಂತ ಉಜ್ಜಿತೇ ಹೊರತು ಒಳಗೆ ಹೋಗಲಿಲ್ಲ. ಗುಂಡಿ ತೋಡುವಾಗ ಒಂದು ಎಚ್ಚರಿಕೆ. ಆಳಕ್ಕೆ ಹೋದಂತೆ ಒಳಗೆ ಇಳಿಯಬೇಡಿ, ಮೇಲಿನಿಂದಲೇ ನೋಡಿ. ಒಂದು ಘನ ಮೀಟರ್ ಗಟ್ಟಿ ಮಣ್ಣು ಒಂದೂವರೆ ಟನ್ನಿಗಿಂತ ಭಾರ. ಕುಸಿದರೆ ಎದೆಯ ಮೇಲೆ ಒಂದು ಕಾರು ಕೂತ ಹಾಗೆ.

ಎಷ್ಟು ದೂರ ಹೋಗಬೇಕು?

ಗಾಡಿಯನ್ನು ತೀರ್ಮಾನ ಮಾಡುವುದು ಬಹುಪಾಲು ಈ ಪ್ರಶ್ನೆಯೇ. ಜನ ಅಗೆಯುವುದರ ಬಗ್ಗೆ ಯೋಚಿಸುತ್ತಾರೆ. ಅಗೆಯುವುದು ಸುಲಭದ ಭಾಗ. ಅಗೆದ ಮಣ್ಣು ಎಲ್ಲಿಗೆ, ಯಾವ ದಾರಿಯಲ್ಲಿ ಹೋಗುತ್ತದೆ ಅನ್ನುವುದರಲ್ಲಿ ಸಮಯ ಕರಗುತ್ತದೆ.

ಅಗೆದಲ್ಲೇ ಪಕ್ಕಕ್ಕೆ ಹಾಕುವುದಾದರೆ ಎಕ್ಸ್‌ಕವೇಟರ್ ಒಂದೇ ಸಾಕು. ತೋಳು ಚಾಚಿದಷ್ಟು ದೂರ ಅದೇ ಹಾಕುತ್ತದೆ. 50-60 ಮೀಟರ್ ಒಳಗಿದ್ದರೆ, ಮುಂದಿನ ಅಗಲ ಬ್ಲೇಡಿನಿಂದ ಮಣ್ಣು ತಳ್ಳುವ ಡೋಜರಿಗೆ ಸಾಟಿಯಿಲ್ಲ. ಎತ್ತುವುದಿಲ್ಲ, ಇಳಿಸುವುದಿಲ್ಲ, ಸುಮ್ನೆ ತಳ್ಳಿಕೊಂಡು ಹೋಗುತ್ತದೆ. ನೂರು ಮೀಟರ್ ಹತ್ತಿರ ಬಂದರೆ ದಾರಿಯುದ್ದಕ್ಕೂ ಮಣ್ಣು ಬ್ಲೇಡಿನ ಎರಡೂ ಬದಿಗೆ ಸೋರಿ ಕೊನೆಗೆ ಅರ್ಧವೂ ಉಳಿಯುವುದಿಲ್ಲ. ಅಲ್ಲಿಂದಾಚೆಗೆ ಲೋಡರ್ ಬಕೆಟ್ಟಿನಲ್ಲಿ ಹೊತ್ತುಕೊಂಡು ಓಡಾಡಬಹುದು. 150 ಮೀಟರ್ ದಾಟಿತೋ, ಟ್ರ್ಯಾಕ್ಟರ್ ಟ್ರೈಲರ್ ಅಥವಾ ಟಿಪ್ಪರ್ ಬೇಕೇ ಬೇಕು.

ಕೈಯಲ್ಲಿ ಮಾಡಿದರೆ ಏನಾಗುತ್ತದೆ ಅಂತಲೂ ಲೆಕ್ಕ ಹಾಕಿದೆ, ಹಳೇ ಚಾಳಿ. ಗುದ್ದಲಿ, ಸಲಿಕೆ ಹಿಡಿದು ಒಬ್ಬರು ದಿನಕ್ಕೆ ಎರಡೂವರೆ ಘನ ಮೀಟರ್ ಅಗೆದು ಎತ್ತಿ ಹಾಕಿದರೆ ದೊಡ್ಡದು. ನನ್ನ ಹೊಂಡಕ್ಕೆ ಒಬ್ಬರೇ ಆದರೆ 370 ದಿನ. 80 ಲೀಟರಿನ ಕೈಗಾಡಿಯಲ್ಲಿ ಸಾಗಿಸಿದರೆ 14,000ಕ್ಕೂ ಜಾಸ್ತಿ ಟ್ರಿಪ್ಪು. ಹೋಗಿ ಬರುವ ದಾರಿ ಸೇರಿಸಿದರೆ 5,000 ಕಿಲೋಮೀಟರ್ ನಡಿಗೆ. ತಮ್ಮನಿಗೆ ಓದಿ ಹೇಳಿದೆ, ಅವನು ನಗಲಿಲ್ಲ. ತಳ್ಳುವವನು ತಾನೇ ಆಗಬಹುದು ಅನ್ನುವ ಭಯ ಇರಬೇಕು.

ಯಾವ ಗಾಡಿ ಯಾವುದಕ್ಕೆ

ಮೊದಲು ಹೆಸರಿನ ಗೊಂದಲ. ಹಿಂದೆ ಅಗೆಯುವ ಕೈ, ಮುಂದೆ ದೊಡ್ಡ ಬಕೆಟ್, ನಾಲ್ಕು ಟೈರು ಇರುವ ಹಳದಿ ಗಾಡಿಗೆ ನಾವೆಲ್ಲ ಜೆಸಿಬಿ ಅನ್ನುತ್ತೇವೆ. ಅದು ಕಂಪನಿಯ ಹೆಸರು. 1945ರಲ್ಲಿ ಅದನ್ನು ಶುರುಮಾಡಿದ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಅವರ ಹೆಸರಿನ ಮೊದಲಕ್ಷರಗಳು. ಗಾಡಿಯ ನಿಜವಾದ ಹೆಸರು ಬ್ಯಾಕ್‌ಹೋ ಲೋಡರ್. ಹಾಗೆಯೇ ಚೈನಿನ ಮೇಲೆ ಓಡುವ ಎಕ್ಸ್‌ಕವೇಟರ್ ಯಾವ ಕಂಪನಿಯದಾದರೂ ಬಾಯಲ್ಲಿ ಅದು ಹಿಟಾಚಿ. ಮಾತಾಡಲು ಅಡ್ಡಿಯಿಲ್ಲ. ಬಾಡಿಗೆಗೆ ಕೇಳುವಾಗ ಮಾತ್ರ ಎಷ್ಟು ಟನ್ನಿನದು, ಬಕೆಟ್ ಎಷ್ಟು ದೊಡ್ಡದು ಅಂತ ಕೇಳಿ. "ಹಿಟಾಚಿ ಕಳಿಸಿ" ಅಂದರೆ 3 ಟನ್ನಿನದೂ ಬರಬಹುದು, 20 ಟನ್ನಿನದೂ ಬರಬಹುದು.

ಪುಟ್ಟ ಎಕ್ಸ್‌ಕವೇಟರನ್ನು ಬೈಯುವುದು ನನ್ನ ಉದ್ದೇಶ ಅಲ್ಲ. ಪೈಪಿನ ಚರಂಡಿ, ಮನೆ ಹಿಂದಿನ ಇಕ್ಕಟ್ಟಾದ ಜಾಗ, ಮರದ ಬುಡದ ಸುತ್ತ ನಾಜೂಕಾಗಿ ತೆಗೆಯುವುದು, ಇದಕ್ಕೆಲ್ಲ ಅದೇ ಸರಿ. ಒಂದೂವರೆ ಟನ್ನಿನದು ಸುಮಾರು 1 ಮೀಟರ್ ಅಗಲದ ಸಂದಿಯಲ್ಲೂ ನುಸುಳುತ್ತದೆ. ಆದರೆ 3 ಟನ್ನಿನ ಗಾಡಿಯ ಬಕೆಟ್ ಘನ ಮೀಟರಿನ ಹತ್ತನೇ ಒಂದು ಭಾಗವೂ ಇಲ್ಲ. ಗಂಟೆಗೆ ನನಗೆ ಸಿಕ್ಕಿದ್ದು 12 ಘನ ಮೀಟರ್.

20 ಟನ್ನಿನದರ ಬಕೆಟ್ ಸುಮಾರು 0.9 ಘನ ಮೀಟರ್. ಅಗೆದು, ತಿರುಗಿ, ಸುರಿದು, ವಾಪಸ್ ಬರಲು 20 ಸೆಕೆಂಡ್. ಕಾಗದದ ಮೇಲೆ ಗಂಟೆಗೆ 160 ಘನ ಮೀಟರ್. ಆದರೆ ಯಾವ ಗಾಡಿಯೂ 60 ನಿಮಿಷ ಬಿಡದೆ ಅಗೆಯುವುದಿಲ್ಲ, ಪ್ರತಿ ಸಲ ಬಕೆಟ್ ತುಂಬುವುದೂ ಇಲ್ಲ. 90ರಿಂದ 100 ಅಂತ ಹಿಡಿಯಿರಿ. ಪುಟ್ಟದರ ಎಂಟು ಪಟ್ಟು ಕೆಲಸ! ಬಾಡಿಗೆ ಎಂಟು ಪಟ್ಟು ಇರಲಿಲ್ಲ, ಅದರ ಅರ್ಧವೂ ಇರಲಿಲ್ಲ. ಆದ್ದರಿಂದ ಗಂಟೆಯ ಬಾಡಿಗೆ ನೋಡಬೇಡಿ. ಆ ಬಾಡಿಗೆಯನ್ನು ಗಂಟೆಗೆ ಎತ್ತುವ ಘನ ಮೀಟರಿನಿಂದ ಭಾಗಿಸಿ. ಅದಕ್ಕೆ ಗಾಡಿ ತಂದು ಬಿಡುವ, ವಾಪಸ್ ಒಯ್ಯುವ ಖರ್ಚನ್ನೂ ಸೇರಿಸಿ. ದೊಡ್ಡ ಗಾಡಿ ಲೋ-ಬೆಡ್ ಟ್ರೈಲರಿನಲ್ಲಿ ಬರುತ್ತದೆ, ಆ ಖರ್ಚು ಒಂದು ಗಂಟೆ ಕೆಲಸಕ್ಕೂ ಅಷ್ಟೇ, ನೂರು ಗಂಟೆಗೂ ಅಷ್ಟೇ. 50 ಘನ ಮೀಟರಿನ ಕೆಲಸಕ್ಕೆ ಅದನ್ನು ಕರೆಸಿದರೆ ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ.

ಬ್ಯಾಕ್‌ಹೋ ಲೋಡರ್, ಅಂದರೆ ನಮ್ಮ ಜೆಸಿಬಿ, ಈ ನಡುವಿನ ಕೆಲಸಗಳಿಗೆ. ರಸ್ತೆಯಲ್ಲಿ ತಾನೇ ಓಡಿ ಬರುತ್ತದೆ, ಟ್ರೈಲರ್ ಬೇಡ. ಹಿಂದಿನ ಕೈ 4 ಮೀಟರಿಗಿಂತ ಆಳಕ್ಕೆ ಇಳಿಯುತ್ತದೆ, ಮುಂದಿನ ಬಕೆಟ್ 1 ಘನ ಮೀಟರ್ ಎತ್ತುತ್ತದೆ. ಅಗೆಯುವುದು, ತುಂಬುವುದು, ಹರಡುವುದು ಮೂರನ್ನೂ ಒಂದೇ ಮಾಡುತ್ತದೆ. ಆದರೆ ಹಿಂದಿನ ಬಕೆಟ್ ಸಣ್ಣದು, ಜಾಗ ಬದಲಿಸುವಾಗಲೆಲ್ಲ ನೆಲಕ್ಕೂರಿದ ಆಸರೆಯ ಕಾಲು ಎತ್ತಬೇಕು, ಮುಂದೆ ಹೋಗಬೇಕು, ಮತ್ತೆ ಕಾಲು ಊರಬೇಕು. ಗಂಟೆಗೆ 25-30 ಘನ ಮೀಟರ್ ಅಗೆದರೆ ಚೆನ್ನಾಗಿ ಮಾಡಿದ ಹಾಗೆ. ನನ್ನ ಕೇಳಿದರೆ 200-300 ಘನ ಮೀಟರ್ ತನಕ, ಒಣ ನೆಲ ಇದ್ದರೆ, ಬೇರೆ ಯೋಚನೆಯೇ ಬೇಡ, ಇದನ್ನೇ ಕರೆಸಿ. ಅದಕ್ಕಿಂತ ಜಾಸ್ತಿಯಾದರೆ ಚೈನ್ ಗಾಡಿ.

ಬಾಬ್‌ಕ್ಯಾಟ್ ಅಂತ ಕರೆಯುವ ಸ್ಕಿಡ್ ಸ್ಟಿಯರ್ ಲೋಡರ್ ಅಗೆಯುವ ಗಾಡಿ ಅಲ್ಲ. ಸಡಿಲವಾಗಿ ಬಿದ್ದಿರುವ ಮಣ್ಣನ್ನು ಎತ್ತಿ ಅಲ್ಲಿಂದಿಲ್ಲಿಗೆ ಹಾಕಲು, ಸಣ್ಣ ಜಾಗದಲ್ಲಿ ಮಟ್ಟ ಮಾಡಲು ಚೆನ್ನ. ನಿಂತಲ್ಲೇ ತಿರುಗುತ್ತದೆ, ತಿರುಗಿದ ಕಡೆಯೆಲ್ಲ ನೆಲವನ್ನು ಕೆರೆದು ಹಾಕುತ್ತದೆ. ಹುಲ್ಲುಹಾಸಿನ ಮೇಲೆ ಬಿಟ್ಟಿರೋ, ಹುಲ್ಲನ್ನು ಮರೆತುಬಿಡಿ.

ಡೋಜರಿನದೊಂದು ಉಪಾಯ ಹೇಳುತ್ತೇನೆ, ಆಪರೇಟರ್ ಹೇಳಿಕೊಟ್ಟದ್ದು. ಪ್ರತಿ ಸಲ ಹೊಸ ಜಾಗದಲ್ಲಿ ತಳ್ಳುವ ಬದಲು ಒಂದೇ ಗಾಲಿಜಾಡಿನಲ್ಲಿ ಮತ್ತೆ ಮತ್ತೆ ತಳ್ಳಬೇಕು. ಎರಡೂ ಬದಿಗೆ ಮಣ್ಣಿನ ದಂಡೆ ಎದ್ದು ಒಂದು ಕಾಲುವೆ ಆಗುತ್ತದೆ. ಆಗ ಬ್ಲೇಡಿನ ಬದಿಯಿಂದ ಮಣ್ಣು ಸೋರುವುದಿಲ್ಲ. ಇಳಿಜಾರಿನ ಕೆಳಮುಖವಾಗಿ ತಳ್ಳಿದರೆ ಇನ್ನೂ ಲಾಭ.

ಗಾಡಿ ಒಳಗೆ ಬರುತ್ತದಾ?

20 ಟನ್ನಿನ ಎಕ್ಸ್‌ಕವೇಟರಿನ ಅಗಲ 2.8ರಿಂದ 3 ಮೀಟರ್. ನನ್ನ ಗೇಟು 2.9. ಆಪರೇಟರ್ ಟ್ರೈಲರಿನಿಂದ ಇಳಿದು ಬಂದು ಕಂಬಗಳ ನಡುವೆ ಕೈ ಚಾಚಿ ನೋಡಿ, "ಮೇಡಂ, ಗಾಡಿ ಹೋಗುತ್ತೆ, ಕಂಬ ಇರಲ್ಲ" ಅಂದರು. ಒಂದು ಕಂಬ ಕಿತ್ತೆವು. ಮುಕ್ಕಾಲು ಗಂಟೆ ಹೋಯಿತು, ಗಾಡಿಯ ಮೀಟರ್ ಓಡುತ್ತಲೇ ಇತ್ತು.

ಆದ್ದರಿಂದ ಟೇಪು ಹಿಡಿದು ದಾರಿಯುದ್ದಕ್ಕೂ ನಡೆಯಿರಿ. ಗೇಟಿನ ಅಗಲ, ಮರದ ಕೊಂಬೆಯ ಎತ್ತರ, ಮೋರಿಯ ಮೇಲಿನ ಚಪ್ಪಡಿ, ಟ್ರೈಲರ್ ತಿರುಗಲು ಜಾಗ. ಟಿಪ್ಪರ್ ಎರಡೂವರೆ ಮೀಟರ್ ಅಗಲ, ಆದರೆ ಮಣ್ಣು ಸುರಿಯುವಾಗ ತೊಟ್ಟಿ ಆಕಾಶಕ್ಕೆ ಏಳುತ್ತದೆ. ವಿದ್ಯುತ್ ತಂತಿ ಇರುವ ಕಡೆ ಸುರಿಯುವ ಜಾಗ ಇಡಲೇಬೇಡಿ. ಸಾಮಾನ್ಯ ತಂತಿಯಿಂದಲೂ ಗಾಡಿಯ ಯಾವ ಭಾಗವೂ 3 ಮೀಟರ್ ಒಳಗೆ ಬರಬಾರದು, ದೊಡ್ಡ ಲೈನಾದರೆ ಇನ್ನೂ ದೂರ. ನೆಲದಡಿಯ ನೀರಿನ ಪೈಪು, ಕರೆಂಟಿನ ಕೇಬಲ್, ಸೆಪ್ಟಿಕ್ ಟ್ಯಾಂಕು ಎಲ್ಲಿವೆಯೋ ಅಲ್ಲೆಲ್ಲ ಸುಣ್ಣದ ಗೆರೆ ಎಳೆದಿಡಿ. ಅನುಮತಿ ಬೇಕಾ ಅಂತಲೂ ಮೊದಲೇ ವಿಚಾರಿಸಿ. ಹೊಂಡದ, ದಿಣ್ಣೆಯ ನಿಯಮ ಒಂದೊಂದು ಕಡೆ ಒಂದೊಂದು ಥರ.

ನೆಲ ತಡೆಯುತ್ತದಾ ಅನ್ನುವುದು ಇನ್ನೊಂದು ಪ್ರಶ್ನೆ. ಇಲ್ಲಿ ನಮ್ಮ ಅಂದಾಜು ತಲೆಕೆಳಗಾಗುತ್ತದೆ. 20 ಟನ್ನಿನ ಚೈನ್ ಗಾಡಿ ನೆಲದ ಮೇಲೆ ಹಾಕುವ ಭಾರ ಚದರ ಸೆಂಟಿಮೀಟರಿಗೆ ಅರ್ಧ ಕಿಲೋ ಆಸುಪಾಸು. ಚೈನು ಅಷ್ಟು ಅಗಲ. ಲೋಡಾದ ಟಿಪ್ಪರಿನ ಟೈರಿನಡಿ ಅದಕ್ಕಿಂತ ಹತ್ತು ಪಟ್ಟು ಜಾಸ್ತಿ. ಅಂದರೆ ಎಕ್ಸ್‌ಕವೇಟರ್ ಆರಾಮಾಗಿ ಓಡಾಡುವ ಕಡೆ ಟಿಪ್ಪರ್ ಹೂತುಕೊಳ್ಳಬಹುದು. ನನಗೆ ಆದದ್ದೂ ಅದೇ. ಒಂದು ಮಳೆ ಬಂತು, ಮಾರನೇ ದಿನ ಮೊದಲ ಟಿಪ್ಪರ್ ತಗ್ಗಿಗೆ ಇಳಿದದ್ದೇ ಹಿಂದಿನ ಚಕ್ರ ಅಚ್ಚಿನ ತನಕ ಹೂತು ಕೂತಿತು. ಹೊಂಡದಲ್ಲಿದ್ದ ಎಕ್ಸ್‌ಕವೇಟರನ್ನು ಅಲ್ಲಿಂದ ನಡೆಸಿಕೊಂಡು ಬಂದು ಎಳೆಸಿದೆವು. ಹೋದದ್ದು ಎರಡು ಗಂಟೆ. ಈಗ ನಾನು ಬೂಟಿನ ಹಿಮ್ಮಡಿ ಊರಿ ನೋಡುತ್ತೇನೆ. ಹಿಮ್ಮಡಿ ಹೂತರೆ ಆ ದಿನ ಟಿಪ್ಪರ್ ಇಲ್ಲ.

ಅಗೆಯುವ ಗಾಡಿಗೆ ಸಾಗಿಸುವ ಗಾಡಿ ಜೋಡಿಸುವುದು

ದೊಡ್ಡ ಎಕ್ಸ್‌ಕವೇಟರ್ ಬಂದ ದಿನ ಮಣ್ಣು ಹೊರಲು ನನ್ನ ಹತ್ತಿರ ಇದ್ದದ್ದು ತಮ್ಮನ ಟ್ರ್ಯಾಕ್ಟರ್ ಒಂದೇ. ಟ್ರೈಲರಿಗೆ 3 ಘನ ಮೀಟರ್ ಹಿಡಿಯುತ್ತಿತ್ತು. ನಾಲ್ಕು ಬಕೆಟ್, ಒಂದೂವರೆ ನಿಮಿಷ, ಟ್ರೈಲರ್ ತುಂಬಿತು. ತಮ್ಮ ಹೊರಟ. ಹೋಗಿ, ಸುರಿದು, ತಿರುಗಿಸಿಕೊಂಡು ವಾಪಸ್ ಬಂದು ನಿಲ್ಲುವಷ್ಟರಲ್ಲಿ ಎಂಟು ನಿಮಿಷದ ಸುತ್ತು. ಅಷ್ಟು ಹೊತ್ತು 20 ಟನ್ನಿನ ಗಾಡಿ ಬಕೆಟ್ ನೆಲಕ್ಕೂರಿ ಗುರುಗುಟ್ಟುತ್ತಾ ನಿಂತಿತ್ತು. ಮೂರನೇ ಸುತ್ತಿಗೆ ತಮ್ಮನೇ ಕೇಳಿದ. "ಅಕ್ಕಾ, ನೀನು ಅದಕ್ಕೆ ಅಗೆಯೋಕೆ ಬಾಡಿಗೆ ಕೊಡ್ತಿದ್ದೀಯೋ, ನಿಲ್ಲೋಕೆ ಕೊಡ್ತಿದ್ದೀಯೋ?"

ಹಿಂದಿನ ದಿನ ಪುಟ್ಟ ಗಾಡಿ ಇದ್ದಾಗ ಕಾದು ನಿಲ್ಲುತ್ತಿದ್ದದ್ದು ಟ್ರ್ಯಾಕ್ಟರ್. ಈಗ ಕಾಯುವುದು ಎಕ್ಸ್‌ಕವೇಟರ್. ಎರಡರಲ್ಲಿ ನಿಧಾನದ್ದು ಯಾವುದೋ, ಇಡೀ ಕೆಲಸದ ವೇಗ ಅದೇ. ಎಂಟು ನಿಮಿಷದ ಸುತ್ತಾದರೆ ಗಂಟೆಗೆ ಏಳು ಟ್ರಿಪ್ಪು, 21 ಘನ ಮೀಟರ್. ಅಗೆಯುವ ಗಾಡಿಗೆ ಗಂಟೆಗೆ 90 ಎತ್ತುವ ತಾಕತ್ತಿದ್ದರೂ ಅಷ್ಟೇ.

ಮಧ್ಯಾಹ್ನಕ್ಕೆ ಎರಡು ಟಿಪ್ಪರ್ ಬಂದವು. ತಲಾ 10 ಘನ ಮೀಟರ್. ತುಂಬಲು ನಾಲ್ಕು-ನಾಲ್ಕೂವರೆ ನಿಮಿಷ, ಹೋಗಿ ಸುರಿದು ಬರಲು ಐದೂವರೆ ನಿಮಿಷ. ಹತ್ತು ನಿಮಿಷಕ್ಕೆ ಒಂದು ಸುತ್ತು, ಒಂದು ಟಿಪ್ಪರಿಗೆ ಗಂಟೆಗೆ 60 ಘನ ಮೀಟರ್, ಎರಡಕ್ಕೆ 120. ಎಕ್ಸ್‌ಕವೇಟರ್ ಹೆಚ್ಚು ಹೊತ್ತು ಕಾಯಲಿಲ್ಲ. ಒಂದು ಟಿಪ್ಪರ್ ಹೊರಟ ಒಂದೂವರೆ ನಿಮಿಷದೊಳಗೆ ಇನ್ನೊಂದು ಬಂದು ನಿಲ್ಲುತ್ತಿತ್ತು. ಸಾಗಿಸುವ ಕಡೆ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ. ಬಾಡಿಗೆ ದೊಡ್ಡದಿರುವ ಗಾಡಿ ಕಾಯಬಾರದು.

ಲೆಕ್ಕ ಇಷ್ಟೇ. ಒಂದು ಸುತ್ತಿಗೆ ಹಿಡಿಯುವ ನಿಮಿಷವನ್ನು ಒಂದು ಗಾಡಿ ತುಂಬಲು ಬೇಕಾದ ನಿಮಿಷದಿಂದ ಭಾಗಿಸಿ. ಬಂದ ಸಂಖ್ಯೆಗೆ ಹತ್ತಿರದಷ್ಟು ಗಾಡಿ ಬೇಕು. ನಿಮಿಷ ಗೊತ್ತಾಗುವುದು ಹೇಗೆ? ಕಾರಿನಲ್ಲೋ ಬೈಕಿನಲ್ಲೋ ಆ ದಾರಿಯಲ್ಲಿ ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಒಮ್ಮೆ ಹೋಗಿ ಬನ್ನಿ, ತಿರುಗಿಸಿ ಸುರಿಯಲು ಎರಡು ಮೂರು ನಿಮಿಷ ಸೇರಿಸಿ.

ಗಾಡಿಗಳನ್ನು ನಿಲ್ಲಿಸುವ ರೀತಿಯಲ್ಲೂ ವಿಷಯ ಇದೆ. ನಾನು ಟಿಪ್ಪರನ್ನು ಎಕ್ಸ್‌ಕವೇಟರಿನ ಹಿಂದೆ, ಅದೇ ಮಟ್ಟದಲ್ಲಿ ನಿಲ್ಲಿಸಲು ಹೇಳಿದ್ದೆ. ಆಪರೇಟರ್ ತಲೆ ಅಲ್ಲಾಡಿಸಿದರು. "ಟಿಪ್ಪರ್ ಕೆಳಗೆ ನಿಲ್ಲಲಿ ಮೇಡಂ, ನಾನು ಮೇಲಿರ್ತೀನಿ. ಪಕ್ಕಕ್ಕೇ ನಿಲ್ಲಲಿ, ಪೂರ್ತಿ ತಿರುಗೋದು ಬೇಡ." ಮಣ್ಣಿನ ಮೆಟ್ಟಿಲ ಮೇಲೆ ನಿಂತು ಕೆಳಗಿನ ಗಾಡಿಗೆ ಸುರಿದರೆ ಬಕೆಟ್ ಎತ್ತರಕ್ಕೆ ಏಳಬೇಕಿಲ್ಲ. ಅರ್ಧ ಸುತ್ತು ತಿರುಗುವ ಬದಲು ಕಾಲು ಸುತ್ತಿಗೆ ಕೆಲಸ ಮುಗಿಯುತ್ತದೆ. ಒಂದೊಂದು ಬಕೆಟ್ಟಿಗೆ ಮೂರು ನಾಲ್ಕು ಸೆಕೆಂಡ್ ಉಳಿದರೂ ಸಾವಿರ ಬಕೆಟ್ಟಿಗೆ ಒಂದು ಗಂಟೆ! ಈ ಲೆಕ್ಕ ಹೇಳಿದಾಗ ಅವರು ನಕ್ಕು, "ನಂಗೆ ಸೊಂಟ ನೋಯಲ್ಲ ಮೇಡಂ, ಅದಕ್ಕೆ" ಅಂದರು.

ಟಿಪ್ಪರ್ ಮಣ್ಣು ಸುರಿಯುವುದು ಸಮತಟ್ಟಾದ ನೆಲದಲ್ಲೇ ಆಗಬೇಕು. ಒಂದು ಬದಿಗೆ ವಾಲಿದ್ದರೆ ತೊಟ್ಟಿ ಎತ್ತಿದಾಗ ಗಾಡಿಯೇ ಮಗುಚಿಕೊಳ್ಳುತ್ತದೆ. ತೊಟ್ಟಿ ಎತ್ತಿಕೊಂಡು ಓಡಿಸಲು ಬಿಡಬೇಡಿ. ಹೊಂಡದ ಅಂಚಿಗೆ ಮಣ್ಣಿನ ರಾಶಿಯೂ ಬೇಡ, ಗಾಡಿಯೂ ಬೇಡ.

ಎರಡು ಸಲ ಮುಟ್ಟದಿರಲು

ಮೇಲಿನ 15-20 ಸೆಂಟಿಮೀಟರ್ ಕಪ್ಪು ಮಣ್ಣನ್ನು ಮೊದಲೇ ತೆಗೆದು ಬೇರೆ ರಾಶಿ ಹಾಕಿಸಿ. ಹೊಂಡದ ಜಾಗದಲ್ಲೂ, ತುಂಬುವ ತಗ್ಗಿನಲ್ಲೂ. ಬೇರು, ಕೊಳೆತ ಎಲೆ ಇರುವ ಆ ಮಣ್ಣು ಗಿಡಕ್ಕೆ ಬಂಗಾರ, ಕಟ್ಟಡದ ಅಡಿಗೆ ಶತ್ರು. ಕೊಳೆಯುತ್ತಾ ಕುಸಿಯುತ್ತದೆ. ನನ್ನ 924ರ ಲೆಕ್ಕ ಇದನ್ನು ತೆಗೆದ ಮೇಲಿನದು.

ರಾಶಿ ಎಲ್ಲಿ ಹಾಕಬೇಕು ಅಂತ ಗಾಡಿ ಬರುವ ಮೊದಲೇ ನಿರ್ಧರಿಸಿ. "ಸದ್ಯಕ್ಕೆ ಇಲ್ಲಿ ಹಾಕಿ, ಆಮೇಲೆ ನೋಡೋಣ" ಅನ್ನುವ ಮಾತಿನಷ್ಟು ದುಬಾರಿ ಮಾತು ಈ ಕೆಲಸದಲ್ಲಿ ಇನ್ನೊಂದಿಲ್ಲ. ಅದೇ ಮಣ್ಣನ್ನು ಮತ್ತೆ ತುಂಬಿ, ಮತ್ತೆ ಸಾಗಿಸಿ, ಮತ್ತೆ ಹರಡಬೇಕು.

ತುಂಬುವ ಕಡೆ ಇನ್ನೊಂದು ಗಾಡಿ ಬೇಕೆನ್ನುವುದನ್ನು ನಾನು ಮರೆತೇಬಿಟ್ಟಿದ್ದೆ. ಟಿಪ್ಪರ್ ಸುರಿದು ಹೋಗುತ್ತದೆ, ರಾಶಿಯನ್ನು ಹರಡುವವರು ಯಾರು? ಅದಕ್ಕೆ ಜೆಸಿಬಿ ಕರೆಸಿದೆ, ಜೊತೆಗೆ ರೋಲರ್. 20ರಿಂದ 30 ಸೆಂಟಿಮೀಟರ್ ದಪ್ಪಕ್ಕೆ ಹರಡಬೇಕು, ರೋಲರ್ ಹೊಡೆಯಬೇಕು, ಅದರ ಮೇಲೆ ಮುಂದಿನ ಪದರ. ಒಂದು ಮೀಟರ್ ಒಟ್ಟಿಗೆ ಸುರಿದು ಮೇಲೆ ಎಷ್ಟು ರೋಲರ್ ಓಡಿಸಿದರೂ ಗಟ್ಟಿಯಾಗುವುದು ಮೇಲ್ಪದರ ಮಾತ್ರ. ಜೇಡಿ ಅಂಶ ಇರುವ ಮಣ್ಣಿಗೆ ಡ್ರಮ್ಮಿನ ಮೇಲೆ ಗೊರಸಿನಂಥ ಮುಳ್ಳುಗಳಿರುವ ರೋಲರ್. ಮರಳು, ಜಲ್ಲಿಗೆ ನುಣುಪು ಡ್ರಮ್ಮಿನ ವೈಬ್ರೇಟರ್ ರೋಲರ್. ಕೈಯಲ್ಲಿ ತಳ್ಳುವ ಪ್ಲೇಟ್ ಕಾಂಪ್ಯಾಕ್ಟರ್ ಅಂಚುಗಳಿಗೆ, ಮೂಲೆಗಳಿಗೆ, ಅದೂ ತೆಳು ಪದರವಾದರೆ.

ಮಣ್ಣು ಹದವಾಗಿದೆಯಾ ಅಂತ ನೋಡಲು ಒಂದು ಹಿಡಿ ತೆಗೆದು ಬಿಗಿಯಾಗಿ ಉಂಡೆ ಕಟ್ಟಿ. ಉಂಡೆ ನಿಲ್ಲದೆ ಉದುರಿದರೆ ಒಣಗಿದೆ, ನೀರು ಚಿಮುಕಿಸಿ. ಕೈಗೆ ಅಂಟಿ ತೇವ ಬಿಟ್ಟರೆ ಜಾಸ್ತಿ ಒದ್ದೆ, ಒಂದು ದಿನ ಬಿಡಿ. ನೆಲಕ್ಕೆ ಬಿಟ್ಟಾಗ ಎರಡು ಮೂರು ತುಂಡಾದರೆ ಸರಿಯಾದ ಹದ. ಪುಟ್ಟ ಗಾಡಿ ಅಗೆದ ಮೊದಲ ಎರಡು ದಿನದ ಮಣ್ಣನ್ನು ನಾನು ಇದ್ಯಾವುದನ್ನೂ ಮಾಡದೆ ಸುರಿಸಿದ್ದೆ. ಆ ಮೂಲೆ ಒಂದು ಮಳೆಗಾಲದಲ್ಲಿ ಒಂದು ಗೇಣು ಕುಸಿಯಿತು. ಶೆಡ್ಡನ್ನು ಆ ಮೂಲೆ ಬಿಟ್ಟು ಈಚೆಗೆ ಗುರುತು ಹಾಕಿದ್ದೇನೆ.

ಬಾಡಿಗೆಯೋ, ಕೊಳ್ಳುವುದೋ

ಒಂದು ಹೊಂಡಕ್ಕಾಗಿ ಗಾಡಿ ಕೊಳ್ಳುವ ಯೋಚನೆ ಬಂದರೆ ತಲೆಗೆ ನೀರು ಹಾಕಿಕೊಳ್ಳಿ. ವರ್ಷಗಟ್ಟಲೆ ಮುಗಿಯದ ಕೆಲಸ ಇರುವವರು, ರಿಪೇರಿ ಗೊತ್ತಿರುವವರು ಕೊಳ್ಳಬಹುದು. ಹಳೇ ಚೈನ್ ಗಾಡಿ ನೋಡಲು ಹೋದರೆ ಎಂಜಿನ್ ಮೇಲೆ ಕೈ ಇಟ್ಟು ನೋಡಿ. ಬಿಸಿಯಿದ್ದರೆ ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ, ತಣ್ಣಗಿರುವಾಗ ಹೇಗೆ ಏಳುತ್ತದೆ ಅಂತ ತೋರಿಸಲು ಇಷ್ಟವಿಲ್ಲ. ಚೈನು ಎಳೆಯುವ ಚಕ್ರದ ಹಲ್ಲು ಚೂಪಾಗಿದ್ದರೆ ಸವೆದಿದೆ ಅಂತ ಅರ್ಥ, ಚೈನು ಭಾಗದ ರಿಪೇರಿ ಜೇಬು ಖಾಲಿ ಮಾಡುತ್ತದೆ. ಬಕೆಟ್ ನೆಲಕ್ಕೆ ಒತ್ತಿಸಿ ತೋಳಿನ ಪಿನ್ನುಗಳು ಎಷ್ಟು ಅಲ್ಲಾಡುತ್ತವೆ ನೋಡಿ.

ಬಾಡಿಗೆಗಾದರೆ ನಾನು ಕೇಳುವುದು ಇವು. ಕನಿಷ್ಠ ಎಷ್ಟು ಗಂಟೆ? ತಂದು ಬಿಡುವ ಖರ್ಚು ಯಾರದು? ಡೀಸೆಲ್ ಸೇರಿದೆಯಾ? ಗಾಡಿ ಕೆಟ್ಟು ನಿಂತರೆ ಮೀಟರ್ ನಿಲ್ಲುತ್ತದಾ? ಯಾವ ಯಾವ ಬಕೆಟ್ ಬರುತ್ತವೆ? ಕೊನೆಯದನ್ನು ಯಾರೂ ಕೇಳುವುದಿಲ್ಲ. ಹಲ್ಲಿರುವ ಬಕೆಟ್ ಗಟ್ಟಿ ನೆಲಕ್ಕೆ, ಹಲ್ಲಿಲ್ಲದ ಅಗಲ ಬಕೆಟ್ ಇಳಿಜಾರನ್ನು ನುಣುಪು ಮಾಡಲು. ಎರಡೂ ಇದ್ದರೆ ಹೊಂಡದ ಗೋಡೆ ಸವರಿದ ಹಾಗೆ ಬರುತ್ತದೆ. ಕಲ್ಲು ಸಿಗುವ ಸಾಧ್ಯತೆ ಇದ್ದರೆ ಅದನ್ನು ಕುಟ್ಟಿ ಒಡೆಯುವ ಬ್ರೇಕರ್ ಸಿಗುತ್ತದಾ ಅಂತಲೂ ಕೇಳಿಡಿ. ನನಗೆ ಬ್ರೇಕರ್ ಬೇಕಾಗಲಿಲ್ಲ. ಪುಟ್ಟ ಗಾಡಿ ಉಜ್ಜಿ ಸೋತ ಆ ಪದರವನ್ನು ದೊಡ್ಡದು ಹಲ್ಲು ಸಿಕ್ಕಿಸಿ ಹೆಂಚು ಕಿತ್ತ ಹಾಗೆ ಎಬ್ಬಿಸಿ ಹಾಕಿತು.

ಬೆಳಿಗ್ಗೆ, ಸಂಜೆ ಗಂಟೆಯ ಮೀಟರಿನ ಫೋಟೋ ತೆಗೆಯಿರಿ. ಆಪರೇಟರ್ ಮೇಲೆ ಅನುಮಾನ ಅಂತಲ್ಲ, ಲೆಕ್ಕ ಇಬ್ಬರಿಗೂ ಒಂದೇ ಇರಲಿ ಅಂತ. ಒಳ್ಳೆಯ ಆಪರೇಟರ್ ಸಿಕ್ಕರೆ ಗಾಡಿ ಹಳೆಯದಾದರೂ ಪರವಾಗಿಲ್ಲ ಅನ್ನುವವಳು ನಾನು.

ಗಾಡಿ ಹೊರಡುವ ಮುಂಚೆ ಅರ್ಧ ಗಂಟೆ ಕೈಯಲ್ಲಿಟ್ಟುಕೊಳ್ಳಿ. ಟಿಪ್ಪರ್ ಓಡಾಡಿದ ದಾರಿ ಕಲ್ಲಿನ ಹಾಗೆ ಗಟ್ಟಿಯಾಗಿರುತ್ತದೆ, ನೀರು ಇಂಗುವುದಿಲ್ಲ, ಏನೂ ಬೆಳೆಯುವುದಿಲ್ಲ. ಬಕೆಟ್ಟಿನ ಹಲ್ಲಿನಿಂದ ಅದನ್ನು ಕೆದಕಿಸಿ, ಮೇಲೆ ಕಪ್ಪು ಮಣ್ಣು ಹರಡಿಸಿ. ನಿಮ್ಮಿಂದ ಅಲ್ಲಾಡಿಸಲಾಗದ ಮರದ ಬೊಡ್ಡೆಯೋ ಬಂಡೆಯೋ ಇದ್ದರೆ ಅದನ್ನೂ ಸರಿಸಿಬಿಡಿ. ನಾನು ಮೂರು ಬೊಡ್ಡೆ ಕೀಳಿಸಿದೆ. ಗೇಟಿನ ಕಂಬವನ್ನು ಮಾತ್ರ ಮತ್ತೆ ನೆಟ್ಟಿಲ್ಲ. ಹೂಳು ತೆಗೆಯಲು ಇನ್ನು ಕೆಲವು ವರ್ಷಕ್ಕೆ ಅದೇ ಗಾಡಿ ಬರಬೇಕಲ್ವಾ?